ಭೂತದ ಮಂಚವೋ, ಮಾತಾಡುವ ಕುರಿಯೋ

ನಾಲ್ಕೈದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋಣ ಅಂತ ತೀರ್ಮಾನಿಸಿದ ಗಳಿಗೆಯಿಂದಲೇ ಒಬ್ಬರ ಮುಖ ಒಬ್ಬರು ನೋಡುವುದಕ್ಕೆ ಶುರು ಮಾಡುತ್ತಾರೆ. ವೀರರಾಗುವುದಕ್ಕೆ ಎಲ್ಲರೂ ತಯಾರು. ಒಬ್ಬನಿಗೆ ಕತ್ತಿ ಬೇಕು, ಒಬ್ಬಳಿಗೆ ಮಂತ್ರದಂಡ ಬೇಕು, ಇನ್ನೊಬ್ಬನಿಗೆ ಕಳ್ಳನಾಗುವ ಆಸೆ ಮೊದಲಿಂದಲೂ ಇತ್ತಂತೆ, ಉದ್ಯೋಗದಲ್ಲಿ ಅವಕಾಶ ಸಿಕ್ಕಿರಲಿಲ್ಲ. ಆದರೆ ಇಷ್ಟು ಜನ ವೀರರಿಗೆ ಕಾಡು, ಗುಹೆ, ರಕ್ಕಸರು, ದಾರಿಯಲ್ಲಿ ಒಂದು ಛತ್ರ, ಛತ್ರಕ್ಕೊಬ್ಬ ಯಜಮಾನ, ಅವನಿಗೊಂದು ಸಿಡುಕು ಸ್ವಭಾವ, ಇದನ್ನೆಲ್ಲ ಒದಗಿಸುವವರು ಯಾರು? ಆ ಕೆಲಸದವನಿಗೆ ಗೇಮ್ ಮಾಸ್ಟರ್ ಅನ್ನುತ್ತಾರೆ. ಈ ಆಟದಲ್ಲಿ ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಆ ಹುದ್ದೆಗೆ ಅರ್ಜಿ ಹಾಕುವವರು ಇರುವುದಿಲ್ಲ. ನಮ್ಮಲ್ಲಿ ಅಕ್ಕನ ಮಗ ಒಂದೇ ಮಾತಿನಲ್ಲಿ ಮುಗಿಸಿದ: “ಮಾವ ಇದ್ದಾರಲ್ಲ, ಸುಳ್ಳು ಚೆನ್ನಾಗಿ ಹೇಳ್ತಾರೆ.”

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದಕ್ಕೆ ಹಲಗೆ ಬೇಕೇಬೇಕು ಅಂತಿಲ್ಲ, ಕಾಯಿಯೂ ಬೇಕಿಲ್ಲ. ಮೇಜಿನ ಸುತ್ತ ಕೂತು ಮಾತಾಡುವುದೇ ಆಟ. “ಎದುರಿಗೆ ಹಳೇ ಬಾಗಿಲು, ಒಳಗೆ ಯಾರೋ ಗೊರಕೆ ಹೊಡೀತಿದ್ದಾರೆ” ಅನ್ನುತ್ತಾನೆ ಡಿಎಂ. “ಮೆಲ್ಲಗೆ ತೆಗೀತೀನಿ” ಅನ್ನುತ್ತಾನೆ ಆಟಗಾರ. ಮೆಲ್ಲಗೆ ತೆಗೆದುಕೊಂಡಿತೋ, ಕಿರ್ರೆಂದು ಊರೆಲ್ಲ ಎಬ್ಬಿಸಿತೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. 2016ರಲ್ಲಿ ಸ್ಟ್ರೇಂಜರ್ ಥಿಂಗ್ಸ್ ಧಾರಾವಾಹಿ ಬಂದ ಮೇಲೆ, ಅದರಲ್ಲಿ ಹುಡುಗರು ನೆಲಮಾಳಿಗೆಯಲ್ಲಿ ಕೂತು ಆಡುತ್ತಾರಲ್ಲ ಅದು, ಅಂದರೆ ಸಾಕು, ಗೊತ್ತಾಗುತ್ತದೆ.

ಡಿಎಂ ಆದವನಿಗೆ ಮೊದಲು ಎದುರಾಗುವ ಪ್ರಶ್ನೆ, ಯಾವ ಕಥೆ ಆಡಿಸುವುದು? ಆಟದ ಮೊದಲ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದಾಗ, ಪೆಟ್ಟಿಗೆಯಲ್ಲಿ ಇದ್ದದ್ದು ಮೂರು ತೆಳು ಪುಸ್ತಕ. ಆಡಿಸುವವನು ಗ್ರಾಫ್ ಹಾಳೆ ಹರಡಿಕೊಂಡು ತನ್ನ ಗುಹೆಯನ್ನು ತಾನೇ ಗೀಚಿಕೊಳ್ಳಬೇಕಿತ್ತು. ಗೈಗ್ಯಾಕ್ಸ್ ಮೊದಲು ವಿಮೆ ಕಂಪನಿಯಲ್ಲಿದ್ದವರು, ಆ ಕೆಲಸ ಹೋದ ಮೇಲೆ ಮನೆಯಲ್ಲೇ ಚಪ್ಪಲಿ ಬೂಟು ರಿಪೇರಿ ಮಾಡಿಕೊಂಡಿದ್ದವರು. ಅಪಾಯಕ್ಕೆ ಬೆಲೆ ಕಟ್ಟುವುದು ಅವರಿಗೆ ವಿಮೆ ಕಲಿಸಿದ ವಿದ್ಯೆ ಇರಬೇಕು ಅಂತ ನನ್ನ ಗುಮಾನಿ.

ಈಗ ಅಂಗಡಿಗೆ ಹೋದರೆ ಕಥೆಗಳ ರಾಶಿ. ಹೊಸ ಡಿಎಂ ಮೊದಲು ಕೈ ಹಾಕುವುದು ಅತಿ ದಪ್ಪ ಪುಸ್ತಕಕ್ಕೆ. ಬಹಳ ಜನ ಮೆಚ್ಚುವ ಕರ್ಸ್ ಆಫ್ ಸ್ಟ್ರಾಡ್ (2016) ತೆಗೆದುಕೊಳ್ಳಿ: 256 ಪುಟ, ಮಂಜು ಮುಸುಕಿದ ದೇಶ, ಕೋಟೆಯಲ್ಲೊಬ್ಬ ರಕ್ತ ಹೀರುವ ಪ್ರಭು, ಯಾವ ನಿಧಿ ಎಲ್ಲಿದೆ ಅನ್ನುವುದನ್ನು ಭವಿಷ್ಯದ ಎಲೆ ಹಾಕಿ ನಿರ್ಧರಿಸುವ ಒಬ್ಬ ಮುದುಕಿ. ಪುಸ್ತಕ ಸೊಗಸಾಗಿದೆ, ನನ್ನ ಕಪಾಟಿನಲ್ಲೂ ಇದೆ. ಆದರೆ ಅದನ್ನು ಆಡಿ ಮುಗಿಸುವುದಕ್ಕೆ ತಿಂಗಳುಗಟ್ಟಲೆ ಬೇಕು. ಬೆಂಗಳೂರಿನಲ್ಲಿ ಐದು ಜನರ ಭಾನುವಾರಗಳು ತಿಂಗಳುಗಟ್ಟಲೆ ಒಟ್ಟಿಗೆ ಖಾಲಿ ಇರುವುದುಂಟೆ? ಒಂದು ವಾರ ಗೃಹಪ್ರವೇಶ, ಇನ್ನೊಂದು ವಾರ ಮಗುವಿನ ಪರೀಕ್ಷೆ, ಮತ್ತೊಂದು ವಾರ ಹೆಬ್ಬಾಳದ ಫ್ಲೈಓವರ್. ಸ್ಟ್ರಾಡ್ ಪ್ರಭು ಶತಮಾನಗಳಿಂದ ಕಾದಿದ್ದಾನೆ, ಅವನಿಗೇನೂ ಅವಸರವಿಲ್ಲ. ಅವಸರ ನಮಗೆ.

ಹೆಸರಿಗೆ ಮರುಳಾಗುವವರ ಪಾಡು ಬೇರೆ. ಟೂಂಬ್ ಆಫ್ ಹಾರರ್ಸ್ ಅಂತ ಒಂದಿದೆ, ಬಹು ಪ್ರಸಿದ್ಧ. 1975ರ ಒಂದು ಸ್ಪರ್ಧೆಗೆ ಗೈಗ್ಯಾಕ್ಸ್ ಕಟ್ಟಿದ್ದು, 1978ರಲ್ಲಿ ಅಚ್ಚಾಯಿತು. ತಾವೇ ಬಹಳ ಜಾಣರು ಅಂದುಕೊಂಡ ಆಟಗಾರರನ್ನು ಸೋಲಿಸುವುದೇ ಅದರ ಉದ್ದೇಶ. ಒಂದು ಮೊಗಸಾಲೆಯ ಕೊನೆಗೆ ಹಸಿರು ರಕ್ಕಸ ಮುಖ ಬಾಯಿ ತೆರೆದುಕೊಂಡಿದೆ, ಬಾಯೊಳಗೆ ಕಡುಗಪ್ಪು. ಅದರೊಳಗೆ ನುಗ್ಗಿದವನು ಹೋದ. ಎಲ್ಲಿಗೆ ಅಂತ ಕೇಳುವ ಹಾಗಿಲ್ಲ, ಅವನೇ ಇಲ್ಲ. ಇದನ್ನು ಮೊದಲ ದಿನ ಆಡಿಸಿದರೆ ಸ್ನೇಹಿತರು ಕಾಫಿ ಬರುವ ಮೊದಲೇ ಸತ್ತು, ಕಾಫಿ ಕುಡಿದು ಮನೆಗೆ ಹೋಗುತ್ತಾರೆ.

“ಕಥೆಯನ್ನು ನೀವೇ ಬರೀರಿ” ಅಂತ ಸಲಹೆ ಕೊಡುವವರೂ ಇದ್ದಾರೆ. ಕೊಡುವವರೆಲ್ಲ ಸಾಮಾನ್ಯವಾಗಿ ಹತ್ತಾರು ವರ್ಷ ಆಡಿಸಿದವರು. ನನಗಂತೂ ಬರೆದಿಟ್ಟ ಕಥೆಯೇ ಮೊದಲಿಗೆ ವಾಸಿ ಅನ್ನಿಸುತ್ತದೆ, ಅದಕ್ಕೆ ನಮ್ಮ ಕರಾವಳಿಯ ತಾಳಮದ್ದಳೆಯೇ ಸಾಕ್ಷಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಭಾಗವತರು ಪದ್ಯ ಎತ್ತಿಕೊಟ್ಟರೆ ಅರ್ಥಧಾರಿಗಳು ಆ ಕ್ಷಣಕ್ಕೆ ಹೊಳೆದ ಮಾತು ಹೂಡುತ್ತಾರೆ. ಪ್ರಸಂಗ ಗಟ್ಟಿ ಇರುವುದರಿಂದಲೇ ಮಾತಿಗೆ ಅಷ್ಟು ಸ್ವಾತಂತ್ರ್ಯ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ಪ್ರಶ್ನೆ ಕೇಳತೊಡಗಿದರೆ ಸಭೆಗೆ ಸಭೆಯೇ ವಾಲಿಯ ಪಕ್ಷ ಸೇರುತ್ತಿತ್ತು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಎಷ್ಟು ವಾದ ಗೆದ್ದರೂ ಕೊನೆಗೆ ವಾಲಿ ಸಾಯಲೇಬೇಕು, ಅದು ಪ್ರಸಂಗ. ಡಿಎಂಗೆ ಆ ಭರವಸೆಯೂ ಇಲ್ಲ. ಇಲ್ಲಿ ವಾಲಿಯ ಕೈಯಲ್ಲಿ ದಾಳ ಇದೆ. ಇಪ್ಪತ್ತು ಬಿತ್ತೋ, ಬಾಣ ಮರಕ್ಕೆ, ವಾಲಿ ಕಿಷ್ಕಿಂಧೆಗೆ, ಮುಂದಿನ ಕಾಂಡಗಳೆಲ್ಲ ಡಿಎಂ ತಲೆಗೆ.

ಹಾಗಾಗಿ ಒಳ್ಳೆಯ ಮೊದಲ ಕಥೆಯಲ್ಲಿ ಜಾಗ ಗಟ್ಟಿಯಾಗಿರಬೇಕು, ಘಟನೆ ಸಡಿಲವಾಗಿರಬೇಕು. ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೈಕ್ ಕಾರ್ ಬರೆದ ಇನ್ ಸರ್ಚ್ ಆಫ್ ದಿ ಅನ್‌ನೋನ್ ಹೊಸ ಡಿಎಂಗಳಿಗೆಂದೇ ಮಾಡಿದ್ದು. ಅದರಲ್ಲಿ ಕೋಣೆಗಳ ವರ್ಣನೆ ಇದೆ, ಆದರೆ ಒಳಗೆ ಯಾವ ಪ್ರಾಣಿ, ಯಾವ ನಿಧಿ ಅನ್ನುವಲ್ಲಿ ಖಾಲಿ ಗೆರೆ. ನೀವೇ ತುಂಬಿಕೊಳ್ಳಿ ಅಂತ. ಆಮೇಲೆ ಗೈಗ್ಯಾಕ್ಸ್ ಅವರದೇ ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್ ಬಂತು. ಒಂದು ಗಡಿಕೋಟೆ, ಅದರಾಚೆ ಒಂದು ಕಮರಿ, ಕಮರಿಯ ಎರಡೂ ಬದಿಗೆ ಗವಿಗಳು, ಗವಿಗೊಂದು ಜಾತಿಯ ರಕ್ಕಸರು, ಅವರವರಲ್ಲೇ ಜಗಳ. ಕೋಟೆಯಲ್ಲಿ ಕಮ್ಮಾರ, ಛತ್ರದವನು, ದುಡ್ಡು ಬದಲಿಸಿಕೊಡುವವನು ಎಲ್ಲರೂ ಇದ್ದಾರೆ, ಯಾರಿಗೂ ಹೆಸರಿಲ್ಲ. ಅವರಿಗೆಲ್ಲ ನಮ್ಮ ಊರಿನ ಹೆಸರಿಟ್ಟುಬಿಡಿ, ಯಾರೂ ತಡೆಯುವುದಿಲ್ಲ.

ಇತ್ತೀಚಿನವುಗಳಲ್ಲಿ ಹೆಚ್ಚು ಜನರ ಮೊದಲ ಕಥೆ ಲಾಸ್ಟ್ ಮೈನ್ ಆಫ್ ಫಾಂಡೆಲ್ವರ್. 2014ರಲ್ಲಿ ಹೊಸಬರ ಪೆಟ್ಟಿಗೆಯೊಳಗೆ ಬಂದದ್ದು: 64 ಪುಟದ ಕಥೆ, 32 ಪುಟದ ನಿಯಮ, ಬರೆದು ತಯಾರಾಗಿರುವ ಐದು ಪಾತ್ರ, ಒಂದಷ್ಟು ದಾಳ. ಆರಂಭ ಬಹಳ ಸಾಧಾರಣ. ಒಬ್ಬ ಕುಳ್ಳ ವ್ಯಾಪಾರಿ ಗಾಡಿ ತುಂಬ ಸಾಮಾನು ಕೊಟ್ಟು ಫಾಂಡಲಿನ್ ಎಂಬ ಹಳ್ಳಿಗೆ ಮುಟ್ಟಿಸಿ ಅನ್ನುತ್ತಾನೆ. ಹಿಟ್ಟಿನ ಮೂಟೆ, ಸಲಿಕೆ, ಪಿಕಾಸಿ, ಲಾಟೀನು, ಎಣ್ಣೆ. ತಲೆಗೆ ಹತ್ತು ಚಿನ್ನದ ನಾಣ್ಯ ಸಂಬಳ. ನಮ್ಮ ಗುಂಪಿನಲ್ಲೊಬ್ಬರು ಚಾರ್ಟರ್ಡ್ ಅಕೌಂಟೆಂಟ್. ಅವರ ಪಾತ್ರ ಕೊಡಲಿ ಹಿಡಿದ ಯೋಧ. ಯೋಧ ಕೇಳಿದ ಮೊದಲ ಪ್ರಶ್ನೆ: “ಮುಂಗಡ ಎಷ್ಟು? ದಾರಿಯಲ್ಲಿ ಸಾಮಾನು ಹಾಳಾದರೆ ಜವಾಬ್ದಾರಿ ಯಾರದು?”

ದಾರಿಯ ತಿರುವಿನಲ್ಲಿ ಎರಡು ಕುದುರೆ ಸತ್ತು ಬಿದ್ದಿವೆ, ಮೈಯಲ್ಲಿ ಕಪ್ಪು ಗರಿಯ ಬಾಣ. ಜೀನಿನ ಚೀಲ ಖಾಲಿ, ಪಕ್ಕದಲ್ಲಿ ನಕ್ಷೆ ಇಡುವ ಚರ್ಮದ ಕೊಳವೆ, ಅದೂ ಖಾಲಿ. ಎರಡೂ ಬದಿಗೆ ದಿಬ್ಬ, ಪೊದೆ. ಪೊದೆಯಲ್ಲಿ ಗಿಡ್ಡ ರಕ್ಕಸರಾದ ನಾಲ್ಕು ಗಾಬ್ಲಿನ್‌ಗಳು ಕಾಯುತ್ತಿವೆ ಅನ್ನುವುದು ಡಿಎಂಗೆ ಮಾತ್ರ ಗೊತ್ತು. ಪುಸ್ತಕದಲ್ಲಿ ಇದು ಅರ್ಧ ಪುಟದ ಸಂಗತಿ. ನಮ್ಮವರು ಕುದುರೆಯ ಹತ್ತಿರ ಕೂತುಬಿಟ್ಟರು. ಲಾಳ ಯಾವ ಊರಿನದು? ರಕ್ತ ಒಣಗಿದೆಯೋ ಹಸಿಯೋ? ಅಕ್ಕನ ಮಗ ಆಡುತ್ತಿದ್ದ ಕಳ್ಳ ಬಾಣಗಳನ್ನು ಕಿತ್ತು, ಒರೆಸಿ, ಬತ್ತಳಿಕೆಗೆ ಸೇರಿಸಿಕೊಂಡ. ಪೂಜಾರಿಣಿ ಪಾತ್ರದ ಹುಡುಗಿ ಸಂಸ್ಕಾರ ಮಾಡದೆ ಮುಂದೆ ಹೋಗಕೂಡದು ಅಂದಳು. ಸಲಿಕೆ ಗಾಡಿಯಲ್ಲಿ ಇದ್ದೇ ಇತ್ತು. ಪೊದೆಯೊಳಗಿನ ಗಾಬ್ಲಿನ್‌ಗಳ ತಾಳ್ಮೆಯನ್ನು ನಾನು ಮೆಚ್ಚಿಕೊಂಡೆ.

ಆ ಗಾಬ್ಲಿನ್‌ಗಳನ್ನು ಹಗುರವಾಗಿ ಕಾಣಬೇಡಿ. ಮೊದಲ ಮಟ್ಟದ ಮಂತ್ರವಾದಿಗೆ ಎರಡು ಬಾಣ ಸರಿಯಾಗಿ ಬಿದ್ದರೆ ನೆಲಕ್ಕುರುಳುತ್ತಾನೆ. ಗುಂಪಿಗೆ ಗುಂಪೇ ಇಲ್ಲಿ ಸೋತದ್ದುಂಟು. ಪುಸ್ತಕ ಬರೆದವರಿಗೆ ಇದು ಗೊತ್ತು. ಗಾಬ್ಲಿನ್‌ಗಳೇ ಗೆದ್ದರೆ ಅವು ವೀರರನ್ನು ಕೊಲ್ಲುವುದಿಲ್ಲ, ಮೂರ್ಛೆ ಹೋದವರನ್ನು ದೋಚಿ, ಗಾಡಿಯನ್ನೂ ದೋಚಿ, ಗವಿಗೆ ಹೋಗುತ್ತವೆ ಅಂತ ಬರೆದಿಟ್ಟಿದ್ದಾರೆ. ಸೋತರೆ ಮುಂದೇನು ಅನ್ನುವುದನ್ನು ಹೇಳಿರುವ ಕಥೆಯನ್ನು ಹೊಸಬ ಕಣ್ಣುಮುಚ್ಚಿ ನಂಬಬಹುದು.

ಗವಿಯೊಳಗೆ ನನಗೆ ಅತಿ ಪ್ರಿಯವಾದ ಪಾತ್ರ ಯೀಮಿಕ್. ಅಲ್ಲಿಯ ಯಜಮಾನ ಕ್ಲಾರ್ಗ್ ಎಂಬ ದಾಂಡಿಗ. ಯೀಮಿಕ್ ಅವನ ಕೈಕೆಳಗಿನ ಗಾಬ್ಲಿನ್. ಒಬ್ಬ ಮನುಷ್ಯನನ್ನು ಒತ್ತೆ ಹಿಡಿದುಕೊಂಡು ವೀರರ ಮುಂದೆ ಮಾತುಕತೆಗೆ ಬರುತ್ತಾನೆ: ನಮ್ಮ ಯಜಮಾನನನ್ನು ಮುಗಿಸಿಕೊಡಿ, ನಿಮ್ಮವನನ್ನು ಬಿಡುತ್ತೇನೆ. ಅವನಿಗೆ ಬೇಕಾದದ್ದು ಬಡ್ತಿ. ಇಂಥವನು ಯಾವ ಆಫೀಸಿನಲ್ಲಿಲ್ಲ? ಇವನನ್ನು ಆಡುವುದಕ್ಕೆ ನನಗೆ ತಯಾರಿಯೇ ಬೇಕಾಗಲಿಲ್ಲ. ಕಣ್ಣು ಬಾಗಿಲ ಕಡೆ, ದನಿ ತಗ್ಗಿಸಿ, “ಸಾರ್, ಈ ಮಾತು ನಮ್ಮನಮ್ಮಲ್ಲೇ ಇರಲಿ” ಅಂದೆ. ಕತ್ತಿ ಹಿರಿದಿದ್ದವರೆಲ್ಲ ಕತ್ತಿ ಒಳಗಿಟ್ಟು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅಕೌಂಟೆಂಟ್ ಯೋಧರು ಸಂಜೆಯಲ್ಲಿ ಮೊದಲ ಬಾರಿಗೆ ನಿಜವಾದ ಹುಮ್ಮಸ್ಸಿನಿಂದ ಚೌಕಾಸಿಗೆ ಇಳಿದರು. ಬಡಿದಾಡುವುದಕ್ಕೆ ನಾಲ್ಕು ಜನರಿದ್ದು, ಮಾತಾಡುವುದಕ್ಕೆ ಒಬ್ಬನೂ ಇಲ್ಲದ ಕಥೆಯನ್ನು ಮೊದಲಿಗೆ ತೆಗೆದುಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು ಸಣ್ಣ ವಿಷಯ. ಇಂಥ ಪುಸ್ತಕಗಳಲ್ಲಿ ಅಲ್ಲಲ್ಲಿ ಚೌಕಟ್ಟು ಹಾಕಿ, ಇದನ್ನು ಗಟ್ಟಿಯಾಗಿ ಓದಿ ಹೇಳಿ ಅಂತ ಕೊಟ್ಟಿರುತ್ತಾರೆ. ಆ ಇಂಗ್ಲಿಷನ್ನು ಹಾಗೇ ಓದತೊಡಗಿದರೆ ಎರಡನೇ ವಾಕ್ಯಕ್ಕೆ ಎಲ್ಲರ ಕೈಗೂ ಫೋನ್ ಬರುತ್ತದೆ. ಒಮ್ಮೆ ಓದಿಕೊಂಡು ಪುಸ್ತಕ ಮುಚ್ಚಿ ಕನ್ನಡದಲ್ಲಿ ಹೇಳಿದರೆ ಕೇಳುತ್ತಾರೆ. ಕಥೆ ನೀವು ಪುಸ್ತಕ ಮುಚ್ಚಿಟ್ಟು ಹೇಳಬಲ್ಲಷ್ಟು ಸಣ್ಣದೋ ಅಲ್ಲವೋ ಅನ್ನುವುದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು.

ಕತ್ತಿ ಗುರಾಣಿ ಬೇಡ ಅನ್ನುವವರಿಗೆ ಕಾಲ್ ಆಫ್ ಕ್ಥುಲ್ಹು ಎಂಬ ಬೇರೆ ಆಟವೇ ಇದೆ, 1981ರದು, ಸ್ಯಾಂಡಿ ಪೀಟರ್ಸನ್ ಮಾಡಿದ್ದು. ಅದರ ಜೊತೆಗೇ ಬಂದ ‘ದಿ ಹಾಂಟಿಂಗ್’ ಎಂಬ ಕಥೆಯನ್ನು ಇವತ್ತಿಗೂ ಹೊಸಬರು ಆಡಿಸುತ್ತಾರೆ. 1920ರ ದಶಕದ ಬಾಸ್ಟನ್ ನಗರ. ಮನೆ ಮಾಲೀಕನೊಬ್ಬನಿಗೆ ಬಾಡಿಗೆದಾರರು ನಿಲ್ಲುತ್ತಿಲ್ಲ, ಕಾರಣ ಹುಡುಕಿಕೊಡಿ ಅನ್ನುತ್ತಾನೆ. ವೀರರ ಮೊದಲ ಸಾಹಸ ಗ್ರಂಥಾಲಯದಲ್ಲಿ, ಎರಡನೆಯದು ಹಳೇ ಪತ್ರಿಕೆಗಳ ಕಡತದಲ್ಲಿ. ಮಹಡಿಯ ಕೋಣೆಯಲ್ಲಿ ಒಂದು ಮಂಚವಿದೆ, ಅದು ತಾನೇ ಸರಿದು ಬಂದು ಮನುಷ್ಯರನ್ನು ಕಿಟಕಿಯಿಂದಾಚೆ ತಳ್ಳುತ್ತದೆ. ಬಾಡಿಗೆ ಮನೆ ಹುಡುಕಿ ಬೇಸತ್ತ ಬೆಂಗಳೂರಿನವರು ಇದಕ್ಕೆ ಹೆದರುವುದಿಲ್ಲ, “ಅಡ್ವಾನ್ಸ್ ಎಷ್ಟು ತಿಂಗಳದು?” ಅಂತ ಕೇಳಿದವರನ್ನು ಕಂಡಿದ್ದೇನೆ. ನೆಲಮಾಳಿಗೆಯಲ್ಲಿ ಏನಿದೆ ಅಂತ ಇಲ್ಲಿ ಹೇಳುವುದಿಲ್ಲ, ನಿಮ್ಮನ್ನು ಯಾರಾದರೂ ಆಡಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೆ, ನೀವು ಈಗತಾನೇ ಡಿಎಂ ಆಗಿ ಸಿಕ್ಕಿಬಿದ್ದಿದ್ದರೆ ನನ್ನ ಓಟು ಒಂದು ಕುರಿಗೆ. ಎ ವೈಲ್ಡ್ ಶೀಪ್ ಚೇಸ್ ಅಂತ ಒಂದೇ ಕೂಟದಲ್ಲಿ ಮುಗಿಯುವ ಪುಟ್ಟ ಕಥೆ. ವೀರರು ತಮ್ಮ ಪಾಡಿಗೆ ತಾವಿದ್ದಾಗ ಕುರಿಯೊಂದು ಬಾಯಲ್ಲಿ ಸುರುಳಿ ಕಚ್ಚಿಕೊಂಡು ಓಡಿಬರುತ್ತದೆ. ಪ್ರಾಣಿಗಳ ಮಾತು ತಿಳಿಯುವ ಮಂತ್ರ ಅದು. ಓದಿದರೆ ಕುರಿ ತನ್ನ ಗೋಳು ಹೇಳಿಕೊಳ್ಳುತ್ತದೆ: ನಾನು ಕುರಿಯಲ್ಲ, ಮಾಂತ್ರಿಕ. ಮಧ್ಯಾಹ್ನದ ಊಟ ಮುಗಿಸಿ ಕೂತರೆ ರಾತ್ರಿ ಊಟದ ಹೊತ್ತಿಗೆ ಕುರಿಯ ಹಣೆಬರಹ ತೀರ್ಮಾನವಾಗಿರುತ್ತದೆ, ಯಾರ ಮುಂದಿನ ಭಾನುವಾರವನ್ನೂ ಕೇಳಬೇಕಿಲ್ಲ. ಮುಂದಿನ ವಾರವೂ ಬರುತ್ತೇವೆ ಅಂತ ಅವರೇ ಅಂದರೆ ಆಗ ಫಾಂಡೆಲ್ವರ್ ತೆಗೆಯಿರಿ. ಸ್ಟ್ರಾಡ್ ಇನ್ನೂ ಕಪಾಟಿನಲ್ಲೇ ಇರಲಿ. ಕುರಿಯ ದನಿ ಮಾತ್ರ ಮನೆಯವರು ಯಾರೂ ಇಲ್ಲದಾಗ ಒಂದೆರಡು ಸಲ ಅಭ್ಯಾಸ ಮಾಡಿಕೊಳ್ಳಿ.