ಸರ್ವೇಗೆ ಸಿಕ್ಕ ರಾಜೂರ: ಒಂದು ಸಮಾಜೋ-ವರ್ತನಾತ್ಮಕ ಅಧ್ಯಯನ

1.0 ಪೀಠಿಕೆ

ಯಾವ ಸಂಶೋಧನಾ ಪ್ರಬಂಧವೇ ಆಗಲಿ ಅನಾದಿ ಕಾಲದಿಂದಲೇ ಶುರುವಾಗಬೇಕೆಂಬುದು ನಿಯಮ. ಆದ್ದರಿಂದ: ಅನಾದಿ ಕಾಲದಿಂದಲೂ ಮಾನವನು ಪ್ರಶ್ನೆ ಕೇಳುವ ಜೀವಿಯಾಗಿದ್ದಾನೆ. ಪ್ರಶ್ನೆ ಕೇಳುವವನು ಸಂಶೋಧಕನೆಂದೂ, ಕೇಳಿಸಿಕೊಳ್ಳುವವನು ಮಾಹಿತಿದಾರನೆಂದೂ, ಇಬ್ಬರಿಗೂ ಚಾ ಕುಡಿಸುವವನು ‘ಸ್ಥಳೀಯ ಸಂಪನ್ಮೂಲ ವ್ಯಕ್ತಿ’ ಎಂದೂ ಪರಿಭಾಷಿಸಲ್ಪಡುತ್ತಾರೆ. ಪ್ರಸ್ತುತ ಪ್ರಬಂಧಕಾರನು ಮೂರನೆಯ ವರ್ಗದವನು. ಗದಗ ಜಿಲ್ಲೆ, ಗಜೇಂದ್ರಗಡ ತಾಲ್ಲೂಕು, ರಾಜೂರಿಗೆ ಸರ್ವೇಗೆಂದು ಬಂದವರಿಗೆಲ್ಲ ಮನೆ ತೋರಿಸಿ, ನಾಯಿ ಓಡಿಸಿ, ಚಾದಂಗಡಿಯಲ್ಲಿ ಉದ್ರಿ ಬರೆಸಿ ಗಳಿಸಿದ ಕ್ಷೇತ್ರಾನುಭವವೇ ಈ ಅಧ್ಯಯನದ ಪ್ರಾಥಮಿಕ ಆಕರ. ದ್ವಿತೀಯಕ ಆಕರವೆಂದರೆ ಅವರು ಬಿಟ್ಟುಹೋದ ಪ್ರಶ್ನಾವಳಿಗಳು. ಅವುಗಳ ಹಿಂಬದಿ ಖಾಲಿಯಿರುವುದರಿಂದ ಹಾಲಿನ ಲೆಕ್ಕ ಬರೆಯಲು ಬಹೂಪಯೋಗಿಯಾಗಿವೆ.

1.1 ಅಧ್ಯಯನ ಕ್ಷೇತ್ರ

ರಾಜೂರ ಇದ್ದಲ್ಲಿಂದ ಒಂದು ಗೇಣೂ ಸರಿದಿಲ್ಲ. ಆದರೆ ಕೋಷ್ಟಕಗಳಲ್ಲಿ ನಿರಂತರ ಸಂಚಾರದಲ್ಲಿದೆ. 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ ಮೈಸೂರಿಗೆ ಬಂತು. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು, ಆಮೇಲೆ ಗದಗಿಗೆ ಬಂತು. ರೋಣ ತಾಲ್ಲೂಕಿನಲ್ಲಿ ಇದ್ದು ಇದ್ದು ಗಜೇಂದ್ರಗಡಕ್ಕೆ ಸೇರಿತು. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ 35 ಸೂಚಕಗಳನ್ನು ಹಿಡಿದು ರಾಜ್ಯದ ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲೂ 39 ಅತ್ಯಂತ ಹಿಂದುಳಿದಿವೆ ಎಂದು ಹೇಳಿದಾಗ ಗಜೇಂದ್ರಗಡ ತಾಲ್ಲೂಕೇ ಹುಟ್ಟಿರಲಿಲ್ಲ. ಹುಟ್ಟದ ತಾಲ್ಲೂಕು ಹಿಂದುಳಿಯಬಲ್ಲುದೇ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ. (ನಂಜುಂಡಪ್ಪನವರ ವರದಿಯನ್ನು ನಾನು ಅಣಕಿಸುತ್ತಿಲ್ಲ. ಅದು ದುಡ್ಡು ಯಾವ ಕಡೆ ಹರಿಯಬೇಕೆಂದು ಹೇಳಲು ಅಳೆದ ವರದಿ. ಅದರ ಮೂರು ದರ್ಜೆಗಳನ್ನು ಕದ್ದು, ‘ಕಡಿಮೆ ಆಧುನಿಕ, ಮಧ್ಯಮ ಆಧುನಿಕ, ಹೆಚ್ಚು ಆಧುನಿಕ’ ಎಂದು ನಮ್ಮೂರ ಮುದುಕರ ಹಣೆಗೆ ಅಂಟಿಸಿದವರ ಮೇಲೆ ನನ್ನ ತಕರಾರು.)

1.2 ಉದ್ದೇಶಗಳು

ಪದವಿ ಪಡೆಯುವುದು. ಇದನ್ನು ಹೀಗೆ ಬರೆಯುವ ಪದ್ಧತಿ ಇಲ್ಲವಾದ್ದರಿಂದ ‘ಗ್ರಾಮೀಣ ಜನರ ಸಾಮಾಜಿಕ-ಆರ್ಥಿಕ ಸ್ಥಿತಿಗತಿಗಳನ್ನು ಅರಿಯುವುದು’ ಎಂದು ಓದಿಕೊಳ್ಳಬೇಕು.

2.0 ಸಾಹಿತ್ಯಾವಲೋಕನ

ಪಿತೃಗಳನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಅಮೆರಿಕದ ರೆನ್ಸಿಸ್ ಲೈಕರ್ಟ್ ಮಹಾಶಯರು 1932ರಲ್ಲಿ ಮನುಷ್ಯನ ಮನಸ್ಸನ್ನು ಐದು ಖಾನೆಗಳಲ್ಲಿ ತುಂಬಬಹುದೆಂದು ತೋರಿಸಿಕೊಟ್ಟರು. ಅದಕ್ಕೂ ಮೊದಲೇ, 1925ರಲ್ಲಿ, ಇಂಗ್ಲೆಂಡಿನ ರೊನಾಲ್ಡ್ ಫಿಶರ್ 0.05 ಎಂಬ ಅಂಕಿಯನ್ನು ಅನುಕೂಲಕ್ಕಿರಲಿ ಎಂದು ಸೂಚಿಸಿದ್ದರು. ಅವರು ಹೊಲದ ಗೊಬ್ಬರ, ಬೆಳೆಗಳ ಪ್ರಯೋಗದಲ್ಲಿ ಮುಳುಗಿದ್ದವರು. ನಮ್ಮವರು ಆ ಅಂಕಿಯನ್ನು ಅತ್ತೆ-ಸೊಸೆ ಜಗಳಕ್ಕೂ ಹಚ್ಚಿದ್ದಾರೆ. 1951ರಲ್ಲಿ ಲೀ ಕ್ರೋನ್‌ಬಾಕ್ ‘ಆಲ್ಫಾ’ ದಯಪಾಲಿಸಿದರು. ಒಂದು ವಿಷಯವನ್ನು ಹತ್ತು ಬಗೆಯಲ್ಲಿ ಕೇಳಿದಾಗ ಹತ್ತೂ ಉತ್ತರಗಳು ತಮ್ಮತಮ್ಮಲ್ಲಿ ಎಷ್ಟು ಹೊಂದುತ್ತವೆ ಎಂಬುದರ ಅಳತೆಯದು. 0.70 ದಾಟಿದರೆ ಗೈಡ್ ಸಾಹೇಬರು ಸಹಿ ಹಾಕುತ್ತಾರೆ.

ಕ್ಷೇತ್ರದಲ್ಲಿ ಕಂಡುಬಂದ ಸಂಗತಿಯೇನೆಂದರೆ, ಕಡಲೆ ಕೀಳಲು ಹೊರಟವನನ್ನು ಅಡ್ಡಗಟ್ಟಿ ಒಂದೇ ಮಾತನ್ನು ಹತ್ತು ಸಲ ಕೇಳಿದರೆ ಅವನು ಮೂರನೆಯ ಪ್ರಶ್ನೆಯಿಂದಾಚೆ ಕೇಳುವುದನ್ನೇ ಬಿಟ್ಟು ಎಲ್ಲದಕ್ಕೂ ‘ಹೂಂ’ ಅನ್ನುತ್ತಾನೆ. ಹೂಂಗಳು ತಮ್ಮತಮ್ಮಲ್ಲಿ ಬಹಳ ಚೆನ್ನಾಗಿ ಹೊಂದುತ್ತವೆ. ಆಲ್ಫಾ 0.90ರ ಕಡೆಗೆ ಏರುತ್ತದೆ. ಹೀಗೆ ಮಾಹಿತಿದಾರನ ಬೇಸರವೂ ಸಂಶೋಧನೆಯ ವಿಶ್ವಾಸಾರ್ಹತೆಯೂ ನೇರ ಅನುಪಾತದಲ್ಲಿವೆ ಎಂಬ ಪ್ರಮೇಯವನ್ನು ಇಲ್ಲಿ ಮೊದಲ ಬಾರಿಗೆ ಮಂಡಿಸಲಾಗಿದೆ.

ಈ ಅಧ್ಯಾಯದ ಉಳಿದ ಭಾಗವನ್ನು ಇನ್ನೊಂದು ಪ್ರಬಂಧದಿಂದ ಇಳಿಸಿಕೊಳ್ಳುವುದು ವಾಡಿಕೆ. ಯುಜಿಸಿಯ 2018ರ ನಿಯಮದ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅಷ್ಟು ಮೊಗೆದುಕೊಳ್ಳಲು ಹಕ್ಕಿದೆಯೆಂದು ತಿಳಿದವರೇ ಬಹಳ.

3.0 ಮಾಪನ ವಿಧಾನ

ಲೈಕರ್ಟರ ಐದು ಖಾನೆಗಳು ಹೀಗಿವೆ: ಸಂಪೂರ್ಣವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸುತರಾಂ ಒಪ್ಪುವುದಿಲ್ಲ. ರಾಜೂರಿನಲ್ಲಿ ಈ ಐದರಲ್ಲಿ ಒಂದನ್ನಾದರೂ ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಇಲ್ಲಿಯ ಪ್ರತಿಕ್ರಿಯೆಗಳು ಒಂಬತ್ತು ವಿಧ. ಮೊದಲನೆಯದು ‘ನಡದೈತ್ರಿ’, ಅಂದರೆ ನಿರ್ಣಯರಹಿತ ಗತ್ಯಾತ್ಮಕ ಪ್ರತಿಕ್ರಿಯೆ. ಎರಡನೆಯದು ‘ನೀವ ಬರಕೋರಿ’, ಅಂದರೆ ಅಭಿಪ್ರಾಯಾಧಿಕಾರದ ಸ್ವಯಂಪ್ರೇರಿತ ಹಸ್ತಾಂತರಣ. ಮೂರನೆಯದು ‘ಇದರಿಂದ ನಮಗೇನ ಬರತೈತಿ?’, ಅಂದರೆ ಪ್ರತಿಪ್ರಶ್ನಾತ್ಮಕ ಲಾಭಾನ್ವೇಷಣೆ. ನಾಲ್ಕನೆಯದು ಎಲಿ-ಅಡಿಕೆ ತುಂಬಿದ ಬಾಯಿ ತೆರೆಯದೆ ತಲೆ ಅಲ್ಲಾಡಿಸುವುದು, ಅಂದರೆ ವಾಚಿಕೇತರ ಉಭಯಾರ್ಥಕ ಶಿರಃಕಂಪನ. ಐದನೆಯದು... ಒಂಬತ್ತೆಂದು ಸಾರಲೇಖದಲ್ಲಿ ಬರೆದುಕೊಟ್ಟಾಗಿದೆ, ಆದರೆ ಇಲ್ಲಿಗೇ ಸಾಕಾಯಿತು. ನಿಘಂಟು ಮುಚ್ಚಿಟ್ಟಿದ್ದೇನೆ.

ನಡೆದದ್ದನ್ನೇ ಹೇಳುತ್ತೇನೆ. ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದ ಒಬ್ಬ ಹಿರಿಯರ ಮುಂದೆ ಸಂಶೋಧಕರು ಕುಳಿತರು. ಹುಡುಗ ಒಳ್ಳೆಯವನೇ, ಬಿಸಿಲಿಗೆ ಬೆವರಿದ್ದ. “ಯಜಮಾನ್ರ, ನಿಮ್ಮ ಜೀವನದ ಬಗ್ಗೆ ನಿಮಗ ತೃಪ್ತಿ ಐತೇನ್ರಿ? ಒಂದರಿಂದ ಐದರೊಳಗ ಒಂದು ನಂಬರ ಹೇಳ್ರಿ.” ಮುದುಕ ಒಂದು ಕಾಯಿ ಒಡೆದು ಕಾಳು ಮೊರಕ್ಕೆ ಹಾಕಿ, ಸಿಪ್ಪೆ ಪಕ್ಕಕ್ಕೆ ಸರಿಸಿ, ಹುಡುಗನ ಮುಖ ನೋಡಿ ಕೇಳಿದರು: “ತಮ್ಮಾ, ಯಾವ ನಂಬರ ಬರದ್ರ ನಿನ್ನ ಕೆಲಸಕ್ಕ ಅನುಕೂಲ ಆಕ್ಕೈತಿ?” ಹುಡುಗ ಕಕ್ಕಾಬಿಕ್ಕಿಯಾಗಿ ‘ಮೂರು’ ಬರೆದ. ತಟಸ್ಥ. ಆ ಸರ್ವೇಯಲ್ಲಿ ನಾನು ಕಂಡ ಒಬ್ಬನೇ ಅಂತಃಕರಣದ ಮನುಷ್ಯ ತಟಸ್ಥನೆಂದು ದಾಖಲಾದ.

3.1 ಆದಾಯ ಎಂಬ ಚರಾಂಶ

‘ನಿಮ್ಮ ಮಾಸಿಕ ಆದಾಯ ಎಷ್ಟು?’ ಎಂಬುದು ಪ್ರಶ್ನಾವಳಿಗಳ ಬೆನ್ನೆಲುಬು. ಎರಿ ಹೊಲದವನಿಗೆ ಮಾಸಿಕ ಎಂಬುದು ಇಲ್ಲ. ಉಳ್ಳಾಗಡ್ಡಿಗೆ ದರ ಬಂದ ವರ್ಷ ಇದೆ, ಬಾರದೆ ಹೊಲದಲ್ಲೇ ಹರಗಿದ ವರ್ಷ ಇದೆ. ಆದರೂ ಊರಿಗೆ ಊರೇ ಒಂದು ಉತ್ತರ ಸಿದ್ಧ ಇಟ್ಟುಕೊಂಡಿದೆ. ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಆದ್ದರಿಂದ ಪೆನ್ನು ಹಿಡಿದು ಬಂದವರು ಯಾರೇ ಇರಲಿ, ವಿಶ್ವವಿದ್ಯಾಲಯದವರೋ ಆಹಾರ ಇಲಾಖೆಯವರೋ ಬ್ಯಾಂಕಿನವರೋ, ಉತ್ತರ ಅದರೊಳಗೇ ನಿಲ್ಲುತ್ತದೆ. ಇದನ್ನು ಸಂಶೋಧಕರು ‘ಗ್ರಾಮೀಣ ಆದಾಯದಲ್ಲಿ ಕಂಡುಬರುವ ಅಸಾಧಾರಣ ಏಕರೂಪತೆ’ ಎಂದು ಬರೆಯುತ್ತಾರೆ. ಸುಳ್ಳು ಹೇಳಿದ್ದು ರೈತನಲ್ಲ. ಅಕ್ಕಿ ಕೊಡುವ ಸರ್ಕಾರವೂ ಅಂಕಿ ಕೇಳುವ ಸಂಶೋಧನೆಯೂ ಒಂದೇ ಪ್ರಶ್ನೆಯನ್ನು ಒಂದೇ ಧ್ವನಿಯಲ್ಲಿ ಕೇಳಿದರೆ, ಬುದ್ಧಿಯಿರುವವನು ಇಬ್ಬರಿಗೂ ಒಂದೇ ಉತ್ತರ ಕೊಡುತ್ತಾನೆ.

3.2 ಮಹಿಳಾ ಸಬಲೀಕರಣ ಸೂಚ್ಯಂಕ

‘ಕುಟುಂಬದ ಮುಖ್ಯ ನಿರ್ಧಾರಗಳನ್ನು ಯಾರು ತೆಗೆದುಕೊಳ್ಳುತ್ತಾರೆ? ಅ) ನೀವು ಆ) ಪತಿ ಇ) ಇಬ್ಬರೂ.’ ಪ್ರಶ್ನೆ ಸೊಸೆಗೆ. ಪಡಸಾಲೆಯಲ್ಲಿ ಗಂಡ, ಬಾಗಿಲಲ್ಲಿ ಅತ್ತೆ, ಕಿಟಕಿಯಲ್ಲಿ ಪಕ್ಕದ ಮನೆಯಾಕೆ, ನಡುವೆ ಸಂಪನ್ಮೂಲ ವ್ಯಕ್ತಿಯಾಗಿ ನಾನು. ಸೊಸೆ ಸೆರಗು ಸರಿಮಾಡಿಕೊಂಡು “ಅವರನ್ನ ಕೇಳ್ರಿ” ಅಂದಳು. ಅಂಕ: ಸೊನ್ನೆ. ಮಗಳನ್ನು ಗಜೇಂದ್ರಗಡದ ಕಾಲೇಜಿಗೆ ಸೇರಿಸಲು ಎರಡು ಆಡು ಮಾರಿದ್ದೂ, ಮಾರಿದ ಮೇಲೆ ಗಂಡನಿಗೆ ಹೇಳಿದ್ದೂ ಇದೇ ಹೆಣ್ಣುಮಗಳು. ಅದು ಓಣಿಗೆಲ್ಲ ಗೊತ್ತು. ಸಂಶೋಧನೆಗೆ ಗೊತ್ತಾಗಲಿಲ್ಲ, ಏಕೆಂದರೆ ಆಡಿನ ಪ್ರಶ್ನೆ ಇದ್ದದ್ದು ‘ಪಶುಸಂಪತ್ತು’ ಎಂಬ ಬೇರೆ ಪುಟದಲ್ಲಿ. ಅಲ್ಲೂ ಆಕೆಗೆ ಸೊನ್ನೆಯೇ ಬಿತ್ತು.

4.0 ಮಾದರಿ ಆಯ್ಕೆ

ಇಲ್ಲಿಗೆ ಬಂದಾಗ ನನ್ನ ಅಣಕು ನಿಲ್ಲುತ್ತದೆ. ದಶಮಾಂಶ ಹಾಕುವುದೂ ಇನ್ನು ಬೇಡ.

ಮಾದರಿ ಎಂದರೆ ಊರಿನ ಎಲ್ಲ ಮನೆಗಳನ್ನು ಕೇಳುವ ಬದಲು ಚೀಟಿ ಎತ್ತಿದಂತೆ ಕೆಲವನ್ನು ಆರಿಸುವುದು. ಚೀಟಿಯಲ್ಲಿ ಬಂದ ಮನೆಗೇ ಹೋಗಬೇಕು. ಶಾಸ್ತ್ರದ ಜೀವ ಇರುವುದೇ ಅಲ್ಲಿ. ಒಮ್ಮೆ ಒಂದು ತಂಡ ಬಂದಿತ್ತು, ಎಲ್ಲಿಯದೆಂದು ಹೇಳುವುದಿಲ್ಲ. ವಿಷಯ: ಗುಳೆ. ಒಣ ಬೇಸಾಯದ ಹಳ್ಳಿಗಳಿಂದ ಜನ ದುಡಿಯಲು ಪರಊರಿಗೆ ಹೋಗುವುದರ ಕುರಿತ ಅಧ್ಯಯನ. ಪಟ್ಟಿ ಹಿಡಿದು ಓಣಿಯಲ್ಲಿ ನಡೆದೆವು. ಮೊದಲ ಮನೆ ತೆರೆದಿತ್ತು, ಬರೆದುಕೊಂಡರು. ಮುಂದಿನ ಮನೆಗೆ ಕೀಲಿ. ಕದದ ಚಿಲಕಕ್ಕೆ ದೊಡ್ಡ ಕೀಲಿ, ಕಟ್ಟೆಯ ಮೇಲೆ ಬೋರಲು ಹಾಕಿದ ಹಳೆಯ ಕೊಡ, ತುಳಸಿಕಟ್ಟೆಯಲ್ಲಿ ಒಣಗಿದ ಕಡ್ಡಿ. “ಇವರು ಗೋವಾಕ್ಕ ಹೋಗ್ಯಾರ್ರಿ, ಕಟ್ಟಡದ ಕೆಲಸಕ್ಕ,” ಅಂದೆ. ಮೇಲ್ವಿಚಾರಕರು ಗಡಿಯಾರ ನೋಡಿಕೊಂಡು, “ಹಂಗಾರ ಪಕ್ಕದ ಮನಿ ಬರಕೋರಿ” ಅಂದರು. ಅದರಾಚೆ ಇನ್ನೊಂದು ಕೀಲಿ. ಅವರು ಮಂಗಳೂರಿಗೆ. ಅದಕ್ಕೂ ಪಕ್ಕದ ಮನೆ.

ಗುಳೆಯ ಅಧ್ಯಯನದಲ್ಲಿ ಗುಳೆ ಹೋದವರ ಮನೆಗಳನ್ನು ಒಂದೊಂದಾಗಿ ಬಿಟ್ಟು, ಮನೆಯಲ್ಲಿ ಉಳಿದವರನ್ನು ಕೇಳಿದರು: ‘ನಿಮ್ಮ ಮನೆಯವರು ಗುಳೆ ಹೋಗಿದ್ದಾರೆಯೇ?’ ಇಲ್ಲ ಎಂದರು. ಹೋಗಿದ್ದರೆ ಇಲ್ಲಿ ಕುಳಿತು ಉತ್ತರ ಯಾರು ಕೊಡುತ್ತಿದ್ದರು? ಆಮೇಲೆ ಒಂದು ವಿಚಾರ ಸಂಕಿರಣದಲ್ಲಿ, ಶಾಲು ಹೊದಿಸಿಕೊಂಡು, ಪರದೆಯ ಮೇಲೆ ಬಣ್ಣದ ಕಂಬಗಳನ್ನು ತೋರಿಸಿ, ಗುಳೆ ಗಣನೀಯವಾಗಿ ತಗ್ಗಿದೆ, ಉದ್ಯೋಗ ಖಾತ್ರಿಯ ಸಕಾರಾತ್ಮಕ ಪರಿಣಾಮ ದೃಢಪಟ್ಟಿದೆ ಎಂದು ಓದಿದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ನಾನೂ ಇದ್ದೆ. ಎದ್ದು ಕೇಳಿದಾಗ, ‘ಪ್ರಶ್ನೋತ್ತರಕ್ಕೆ ಸಮಯಾವಕಾಶವಿಲ್ಲ, ಊಟದ ವ್ಯವಸ್ಥೆಯಾಗಿದೆ’ ಎಂದರು.

ಗೋವಾದಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಿದವರು ಅಂದು ಇಲ್ಲಿ ಇಲ್ಲವಾದರು. ಇದಕ್ಕೆ ಲೆಕ್ಕದ ತಪ್ಪು ಎಂದು ಹೆಸರಿಟ್ಟು ಕೈ ತೊಳೆದುಕೊಳ್ಳಬೇಡಿ. ತಪ್ಪಾಗಬಾರದೆಂದು ನಿಯಮವೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರಿಸಿದ ಮನೆಗೆ ಕೀಲಿ ಇದ್ದರೆ ಮತ್ತೆ ಮತ್ತೆ ಹೋಗಬೇಕು, ಬದಲಿ ಮನೆ ಹಿಡಿಯುವಂತಿಲ್ಲ. ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಬೇಕು. ‘ಸಿಗಲಿಲ್ಲ’ ಎಂಬುದೂ ಒಂದು ಉತ್ತರ. ಬಡತನದ ಅಧ್ಯಯನದಲ್ಲಿ ಅದಕ್ಕಿಂತ ದೊಡ್ಡ ಉತ್ತರ ಇನ್ನೊಂದಿಲ್ಲ. ಅದನ್ನು ಬರೆಯಲು ಆಲ್ಫಾ ಬೇಕಿಲ್ಲ, ಒಂದಿಷ್ಟು ನಾಚಿಕೆ ಇದ್ದರೆ ಸಾಕು.

2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. 60 ಪ್ರಶ್ನೆ. ಕರೆಂಟ್ ಮೀಟರ್ ನೋಡುವವರು ಮೊದಲೇ ಮನೆಮನೆಗೆ ಸ್ಟಿಕರ್ ಅಂಟಿಸಿ ಹೋಗಿದ್ದರು. ದಸರಾ ರಜೆ ಕಳೆದುಕೊಂಡ ಮಾಸ್ತರರು, ಅಕ್ಕೋರು ಮೊಬೈಲ್ ಹಿಡಿದು ಬಂದರು. ನೆಟ್‌ವರ್ಕಿಗಾಗಿ ಮ್ಯಾಳಗಿ ಹತ್ತಿ ಇಳಿದ ಆ ಮಾಸ್ತರರ ಮೇಲೆ ನನಗೆ ಸಿಟ್ಟಿಲ್ಲ. ಕೀಲಿ ಹಾಕಿದ ಮನೆಯ ಮುಂದೆ ನಿಂತು, ಪಕ್ಕದವರಿಂದ ನಂಬರ್ ಇಸಿದುಕೊಂಡು ಮನೆಯವರಿಗೆ ಫೋನ್ ಮಾಡಿದವರು ಅವರೇ. ಪದವಿಗಾಗಿ ಬಂದವರಲ್ಲಿ ಅಷ್ಟು ಮಾಡಿದವರನ್ನು ನಾನು ಕಾಣೆ.

ನಮ್ಮ ರಾಜ್ಯದ ಹಳ್ಳಿಯ ಕುರಿತು ಜಗತ್ತು ಓದಿದ ಪುಸ್ತಕ ಎಂ.ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ತಿಂಗಳುಗಟ್ಟಲೆ ಇದ್ದು, ಆಮೇಲೆ ವರ್ಷಗಟ್ಟಲೆ ಒಪ್ಪ ಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಸುಟ್ಟ ಕಟ್ಟಡ ವರ್ತನಾ ವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರದ್ದು. ಶ್ರೀನಿವಾಸರು ನೆನಪಿನಿಂದಲೇ ಬರೆಯಲು ಕುಳಿತರು, 1976ರಲ್ಲಿ ಪುಸ್ತಕ ಬಂತು. ಬೆಂಕಿ ಬಿದ್ದ ಮೇಲೂ ಅವರಲ್ಲಿ ಆ ಹಳ್ಳಿಯ ಜನ ಉಳಿದಿದ್ದರು, ಅವರ ಜಗಳ, ಹಟ, ನಗೆ ಉಳಿದಿದ್ದವು. ನಮ್ಮೂರಿಗೆ ಬಂದುಹೋದವರ ಲ್ಯಾಪ್‌ಟಾಪ್ ಇಂದು ಕೆಟ್ಟುಹೋದರೆ ಅವರಲ್ಲಿ ರಾಜೂರಿನ ಒಬ್ಬರ ಹೆಸರಾದರೂ ಉಳಿದೀತೇ? ಬರೆದ ಪ್ರಬಂಧದ ಒಂದು ಪ್ರತಿಯನ್ನೂ ಯಾರೂ ಈ ಊರಿಗೆ ತಂದುಕೊಟ್ಟಿಲ್ಲ. ತಂದಿದ್ದರೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಓದಿಸಬಹುದಿತ್ತು. ಯಾವ ಮೌಲ್ಯಮಾಪಕರೂ ಹಿಡಿಯದ ತಪ್ಪುಗಳನ್ನು ನಮ್ಮೂರ ಮುದುಕರು ಶೇಂಗಾ ಸುಲಿಯುತ್ತಲೇ ಹಿಡಿಯುತ್ತಿದ್ದರು.

5. ಶಿಫಾರಸುಗಳು

ಒಂದೇ ಇದೆ. ಕೀಲಿ ಹಾಕಿದ ಮನೆಯನ್ನು ದಾಟಿ ಹೋಗಬೇಡಿ. ಪಕ್ಕದ ಮನೆಯವರನ್ನು ಕೇಳಿದರೆ ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದು ಹೇಳುತ್ತಾರೆ, ಫೋನ್ ನಂಬರೂ ಅವರ ಹತ್ತಿರ ಇರುತ್ತದೆ. ಇಲ್ಲವೇ ಉಗಾದಿಗೋ ಕಾರಹುಣ್ಣಿವಿಗೋ ಬನ್ನಿ, ಜನ ಊರಲ್ಲಿ ಇರುತ್ತಾರೆ. ಚಾ ನಾನೇ ಕುಡಿಸುತ್ತೇನೆ. ದೇಶದ ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರುವರಿಯಲ್ಲಿ. ಆ ತಿಂಗಳು ಸುಗ್ಗಿ ಮುಗಿಯುತ್ತಿದ್ದಂತೆ ನಮ್ಮ ಕಡೆ ಗುಳೆ ಹೊರಡುವ ಹೊತ್ತು.