ಮೊದಲ ಸುತ್ತಿನಲ್ಲೇ ಸಿಕ್ಕ ಸೀಟು

ನಾಲ್ಕು ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷಕ್ಕೆ ಮುಗಿಯುವ ಬಿ.ಡಿ.ಎಸ್. ನಂತರ ಮತ್ತೆ ಮೂರು ವರ್ಷ ಓದಿ ಪಡೆಯುವ ಎಂ.ಡಿ.ಎಸ್. ಪದವಿಗೆ ಒಂಬತ್ತು ಶಾಖೆಗಳಿವೆ. ಅವುಗಳಲ್ಲಿ ಆರ್ಥೊಡಾಂಟಿಕ್ಸ್ ಎಂಬುದು ಸೊಟ್ಟ ಹಲ್ಲುಗಳನ್ನು ಸಾಲಿಗೆ ತಂದು, ಮೇಲ್ದವಡೆ ಕೆಳದವಡೆಗಳ ನಡುವೆ ರಾಜಿ ಮಾಡಿಸುವ ಶಾಸ್ತ್ರವಾಗಿದ್ದು, ಜನರ ಬಾಯಲ್ಲಿ ಅದು ‘ಹಲ್ಲಿಗೆ ಕ್ಲಿಪ್ ಹಾಕೋದು’ ಎಂದಷ್ಟೇ ಪ್ರಸಿದ್ಧವಾಗಿದೆ. ಈ ಶಾಖೆಯಲ್ಲಿ ರಕ್ತ ಕಡಿಮೆ, ನಡುರಾತ್ರಿ ಬಾಗಿಲು ಬಡಿಯುವವರು ಇಲ್ಲವೇ ಇಲ್ಲ, ಒಮ್ಮೆ ಬಂದ ರೋಗಿ ತಂತಿ ಬಿಗಿ ಮಾಡಿಸಿಕೊಳ್ಳಲು ಒಂದೂವರೆ ಎರಡು ವರ್ಷ ತಿಂಗಳಿಗೊಮ್ಮೆ ಬರಲೇಬೇಕು. ಇಷ್ಟು ಅನುಕೂಲಗಳು ಒಂದೇ ಕಡೆ ಕೂಡಿರುವುದರಿಂದ ಅದರ ಸೀಟಿಗೆ ನೂಕುನುಗ್ಗಲು ಇರುವುದು ಸಹಜ. ಆದರೆ ಸೀಟು ಸಿಗದವರ ಸಂಕಟದ ಬಗ್ಗೆ ಲೋಕ ಮರುಗುವಷ್ಟು, ಸೀಟು ಬೇಗನೆ ಸಿಕ್ಕಿಬಿಟ್ಟವರ ಸಂಕಟದ ಬಗ್ಗೆ ಯಾರೂ ಮರುಗುವುದಿಲ್ಲ.

ಬೇಗ ಸಿಗುವ ಸೀಟಿನ ಸ್ವರೂಪ ಕಾಲಕ್ಕೆ ತಕ್ಕಂತೆ ಬದಲಾಗಿದೆ. 2017ರ ಪ್ರವೇಶದಿಂದ ನೀಟ್-ಎಂಡಿಎಸ್ ಜಾರಿಗೆ ಬರುವ ಮುನ್ನ ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮ ತಮ್ಮ ಪರೀಕ್ಷೆ ನಡೆಸಿ, ಖಾಸಗಿ ಕಾಲೇಜುಗಳ ಪರವಾಗಿ ಕಾಮೆಡ್-ಕೆ ಬೇರೊಂದು ಪರೀಕ್ಷೆ ನಡೆಸಿ, ಒಂದರ ಫಲಿತಾಂಶ ಬರುವ ಮೊದಲೇ ಇನ್ನೊಂದರ ಶುಲ್ಕ ಕಟ್ಟುವ ಗಡುವು ಮುಗಿಯುವ ವ್ಯವಸ್ಥೆ ಇತ್ತು. ಈಗ 240 ಪ್ರಶ್ನೆ, 960 ಅಂಕ, ತಪ್ಪು ಉತ್ತರಕ್ಕೊಂದು ಅಂಕ ಕಡಿತ ಎಂಬ ಒಂದೇ ಪರೀಕ್ಷೆ ಇದ್ದು, ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ಸೀಟುಗಳನ್ನು ದೆಹಲಿಯ ಎಂಸಿಸಿಯೂ ರಾಜ್ಯದ ಸೀಟುಗಳನ್ನು ಬೆಂಗಳೂರಿನ ಕೆಇಎಯೂ ಸುತ್ತು ಸುತ್ತಾಗಿ ಹಂಚುತ್ತವೆ. ಗೊಂದಲ ಕಡಿಮೆಯಾಗಬೇಕಿತ್ತು, ಅದು ಕಡಿಮೆಯಾಗದೆ ಆನ್‌ಲೈನ್ ಆಯಿತು. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟನ್ನು ಬೇಡವೆನ್ನಬಹುದು, ಹಿಡಿದುಕೊಳ್ಳಬಹುದು, ಅಥವಾ ಹಿಡಿದುಕೊಂಡೇ ‘ಅಪ್‌ಗ್ರೇಡ್’ಗೆ ಒಪ್ಪಿಗೆ ಕೊಡಬಹುದು. ಈ ಮೂರನೆಯದರ ಅರ್ಥವೇನೆಂದರೆ, ಮುಂದಿನ ಸುತ್ತಿನಲ್ಲಿ ಅಭ್ಯರ್ಥಿಯೇ ಬರೆದ ಪಟ್ಟಿಯ ಮೇಲಿನ ಸಾಲಿನ ಸೀಟು ಬಂದರೆ ಹಳೆಯ ಸೀಟು ತಾನಾಗಿ ರದ್ದಾಗಿ ಇನ್ನೊಬ್ಬರ ಪಾಲಾಗುತ್ತದೆ, ಆ ಮೇಲೆ ಎಷ್ಟು ಅತ್ತರೂ ಅದು ಮರಳಿ ಬರುವುದಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳ ಪೈಕಿ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡಗಳಲ್ಲಿ ಈ ಸಂಕಟಕ್ಕೆ ಸ್ಥಳೀಯ ಬಣ್ಣವೊಂದು ಸೇರಿಕೊಳ್ಳುತ್ತದೆ. ಕೆಲಸ, ಕೋರ್ಟು, ಆಸ್ಪತ್ರೆ, ಮದುವೆಯ ಸೀರೆ ಎಲ್ಲಕ್ಕೂ ಈ ಭಾಗದ ಜನರ ಮುಖ ಧಾರವಾಡ-ಹುಬ್ಬಳ್ಳಿಯ ಕಡೆಗೇ ಇರುವುದರಿಂದ, ಹಲ್ಲಿನ ವಿಷಯದಲ್ಲೂ 1986ರಲ್ಲಿ ಸತ್ತೂರಿನಲ್ಲಿ ಆರಂಭವಾದ ಎಸ್‌ಡಿಎಂ ದಂತ ಕಾಲೇಜೇ ಅವರ ಪಾಲಿಗೆ ಲೋಕದ ತುದಿ. ಊರಿನೊಳಗೆ ಕ್ಲಿಪ್‌ಗೆ ಗಿರಾಕಿ ಎಷ್ಟು ಎಂಬುದೂ ವಿಚಾರಾರ್ಹವೇ. ದಾಂಡೇಲಿಯನ್ನು ಪ್ರವಾಸಿಗರ ನಕ್ಷೆಯಲ್ಲಿ ಇರಿಸಿದ ಇಬ್ಬರು ಗಣ್ಯರ ಪೈಕಿ ಮಂಗಟ್ಟೆ ಹಕ್ಕಿಗೆ ಹಲ್ಲೇ ಇಲ್ಲ. ಕಾಳಿ ನದಿಯ ಮೊಸಳೆಗೆ ಹಲ್ಲು ಬಿದ್ದಷ್ಟೂ ಹೊಸದು ಹುಟ್ಟುತ್ತದೆ, ಸಾಲು ಸೊಟ್ಟಗಿದ್ದರೂ ಅದನ್ನು ಅದರ ಎದುರು ಹೇಳುವ ಧೈರ್ಯ ಯಾರಿಗೂ ಇಲ್ಲ. ಉಳಿದ ಹಿರಿಯರ ಹಲ್ಲುಗಳು ಎಲೆ-ಅಡಿಕೆಯಿಂದ ಕೆಂಪಾಗಿ, ಬಾಗಿದ್ದರೂ ಕೆಲಸ ಬಿಡದೆ, ಶಾಸ್ತ್ರದ ನೆರವಿಲ್ಲದೆಯೇ ನಡೆಯುತ್ತಿವೆ.

ಇಂಥ ಪರಿಸರದಲ್ಲಿ, 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್‌ನಲ್ಲಿ ದುಡಿಯುವ ತಂದೆಯ ಮಗಳೊಬ್ಬಳಿಗೆ ಮೊದಲ ಸುತ್ತಿನಲ್ಲೇ ಮಂಗಳೂರು ಕಡೆಯ ಖಾಸಗಿ ಕಾಲೇಜೊಂದರಲ್ಲಿ ಆರ್ಥೊಡಾಂಟಿಕ್ಸ್ ಸೀಟು ಸಿಕ್ಕಿತೆಂದು ಭಾವಿಸಿದರೆ, ಆ ಮನೆಯ ನಡುಕೋಣೆಯಲ್ಲಿ ಮುಂದೆ ನಡೆಯುವುದು ಊಹೆಗೆ ನಿಲುಕದ್ದೇನಲ್ಲ. ಸಿಇಟಿಯ ಕಾಲದಿಂದಲೂ ಕರ್ನಾಟಕದ ಮನೆಮನೆಗೂ ಇಂಥ ಆಯ್ಕೆಗಳ ಪರಿಚಯ ಇರುವುದರಿಂದ ಮಾತಾಡಲು ಯಾರೂ ಹಿಂದೆ ಬೀಳುವುದಿಲ್ಲ. ಹಳಿಯಾಳದ ಕಾಕಾ, ಕುಸ್ತಿಯ ಅಖಾಡ ಬಲ್ಲವರು, ‘ಕೈಗೆ ಸಿಕ್ಕದ್ದ ಬಿಡಬ್ಯಾಡವಾ, ಪಟ್ಟು ಸಡಿಲಾದ್ರ ಆತು’ ಎನ್ನುತ್ತಾರೆ. ಜೋಯಿಡಾದ ಮಾಮಾ ಸಿಗ್ನಲ್ ಸಿಗುವ ದಿಬ್ಬಕ್ಕೆ ಬಂದು ಫೋನು ಮಾಡಿ, ಕಾಯುವುದೇ ಒಳ್ಳೆಯದೆಂದು ಅರ್ಧ ಹೇಳುವಷ್ಟರಲ್ಲಿ ಸಂಪರ್ಕ ಕಡಿದು, ಅವರ ಅಭಿಪ್ರಾಯದ ಉಳಿದರ್ಧವನ್ನು ಎರಡು ಪಕ್ಷದವರೂ ತಮಗೆ ಬೇಕಾದಂತೆ ಪೂರ್ತಿ ಮಾಡಿಕೊಳ್ಳುತ್ತಾರೆ. ಇನ್ನೂ ಮೂರು ವರ್ಷವೇ ಎಂದು ಹೌಹಾರಿದ ಅತ್ತೆಗೆ, ಮುಂಡಗೋಡದ ಟಿಬೆಟನ್ ಕಾಲನಿಯ ಬಳಿ ಅಂಗಡಿ ಇಟ್ಟಿರುವ ನೆಂಟರು, ಅಲ್ಲಿನ ಗಾಂದೆನ್, ಡ್ರೆಪುಂಗ್ ಮಠಗಳ ಭಿಕ್ಷುಗಳು ಅಂಗಳದಲ್ಲಿ ಚಪ್ಪಾಳೆ ತಟ್ಟಿ ತಟ್ಟಿ ವಾದ ಮಾಡುತ್ತ ಗೆಶೆ ಪದವಿಗೆ ಹದಿನೈದು ಇಪ್ಪತ್ತು ವರ್ಷ ಓದುವುದನ್ನು ನೆನಪಿಸಿ ಬಾಯಿ ಮುಚ್ಚಿಸುತ್ತಾರೆ. ಅಜ್ಜಿಯ ಆತಂಕ ಮಾತ್ರ ಬೇರೆ: ಆ ಕಡೆ ಹಾಸ್ಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಹಾಕುತ್ತಾರಂತೆ, ರೊಟ್ಟಿ ಹಾಕುವುದಿಲ್ಲವಂತೆ. ಈ ನಡುವೆ ಗುರುತಿಲ್ಲದ ನಂಬರಿನಿಂದ ಒಬ್ಬಾತ ಕರೆ ಮಾಡಿ, ಒಂದಿಷ್ಟು ಅಡ್ವಾನ್ಸ್ ಕೊಟ್ಟರೆ ಮುಂದಿನ ವರ್ಷದ ಸೀಟನ್ನು ಈಗಲೇ ‘ಬ್ಲಾಕ್’ ಮಾಡಿಸುವುದಾಗಿ ಹೇಳುತ್ತಾನೆ. ಕೌನ್ಸೆಲಿಂಗ್ ಬಿಟ್ಟು ಬೇರೆ ದಾರಿಯಿಂದ ಸೀಟು ಕೊಡಲು ಬರುವುದೇ ಇಲ್ಲ ಎಂಬ ಸಣ್ಣ ಅಡಚಣೆಯನ್ನು ಆತ ಪ್ರಸ್ತಾಪಿಸುವುದಿಲ್ಲ.

ನಿಜವಾದ ಅಪಾಯ ಇದ್ದದ್ದು ಈ ಸಲಹೆಗಳಲ್ಲಿ ಅಲ್ಲ, ಸೈಬರ್ ಸೆಂಟರಿನಲ್ಲಿ ಪ್ರಿಂಟು ತೆಗೆದು ನಾಲ್ಕಾಗಿ ಮಡಚಿದ ಆಯ್ಕೆಯ ಪಟ್ಟಿಯಲ್ಲಿ. ಮಗಳು ಕಾಲೇಜು ಯಾವುದಾದರೂ ಸರಿ, ಆರ್ಥೊಡಾಂಟಿಕ್ಸ್ ಇರಲಿ ಎಂಬ ತತ್ತ್ವದಿಂದ ಹೊರಟಿದ್ದರೆ, ತಂದೆ ಶಾಖೆ ಯಾವುದಾದರೂ ಸರಿ, ಧಾರವಾಡ ಇರಲಿ ಎಂಬ ತತ್ತ್ವದವರು. ಆದ್ದರಿಂದ ಪಟ್ಟಿಯ ತಲೆಯ ಮೇಲೆ ಧಾರವಾಡದ ಒಂಬತ್ತೂ ಶಾಖೆಗಳು ಸಂಸಾರ ಸಮೇತ ಬಂದು ಕುಳಿತಿದ್ದವು. ಅಪ್‌ಗ್ರೇಡ್‌ಗೆ ಒಪ್ಪಿದ್ದರೆ ಎರಡನೆಯ ಸುತ್ತಿನ ಕಂಪ್ಯೂಟರು ಮಂಗಳೂರಿನ ಆರ್ಥೊಡಾಂಟಿಕ್ಸನ್ನು ಕಿತ್ತುಕೊಂಡು ಧಾರವಾಡದ ಸಾರ್ವಜನಿಕ ದಂತ ಆರೋಗ್ಯದ ಸೀಟನ್ನು, ಅಂದರೆ ಊರೂರು ತಿರುಗಿ ಬಾಯಿ ನೋಡಿ ಸಮೀಕ್ಷೆಯ ಫಾರಂ ತುಂಬುವ ಶಾಖೆಯನ್ನು, ಕೈಗಿತ್ತು ಇದನ್ನೇ ಬಡ್ತಿ ಎಂದು ಎಸ್ಸೆಮ್ಮೆಸ್ಸು ಕಳಿಸುತ್ತಿತ್ತು. ಆ ಶಾಖೆಯ ಉಪಯುಕ್ತತೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಜೋಯಿಡಾದಂಥ ತಾಲೂಕಿಗೆ ಬಹುಶಃ ಕ್ಲಿಪ್ಪಿಗಿಂತ ಅದೇ ಹೆಚ್ಚು ಬೇಕಾದದ್ದು. ಆದರೆ ತಂತಿ ಬಗ್ಗಿಸುವ ಆಸೆಯಿಂದ ಓದಿದವಳಿಗೆ ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಗಾದೆಯನ್ನು ಸರ್ಕಾರಿ ಮುದ್ರೆಯೊಡನೆ ಕೊಟ್ಟಂತಾಗುತ್ತಿತ್ತು.

ಬೇಗ ಮಾಡಬೇಕೆ, ಕಾಯಬೇಕೆ ಎಂಬ ಈ ಪ್ರಶ್ನೆಯನ್ನು ಆರ್ಥೊಡಾಂಟಿಕ್ಸ್ ಶಾಸ್ತ್ರವೇ ದಶಕಗಟ್ಟಲೆ ತನ್ನ ಮೇಲೆ ಹಾಕಿಕೊಂಡಿದೆ. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ದವಡೆಗಳು ತಪ್ಪಾಗಿ ಕೂಡುವ ಬಗೆಯನ್ನು ಮೂರು ವರ್ಗವಾಗಿ ವಿಂಗಡಿಸಿ, ಮರುವರ್ಷ ಸೇಂಟ್ ಲೂಯಿಸ್‌ನಲ್ಲಿ ಈ ವಿದ್ಯೆಗೆಂದೇ ಶಾಲೆ ತೆರೆದಾಗಿನಿಂದ, ಹಾಲುಹಲ್ಲು ಬೀಳುತ್ತಿರುವಾಗಲೇ ಕೈ ಹಾಕಬೇಕೆನ್ನುವವರೂ ಎಲ್ಲ ಹಲ್ಲು ಬರಲಿ ಬಿಡಿ ಎನ್ನುವವರೂ ಕಚ್ಚಾಡುತ್ತಲೇ ಬಂದಿದ್ದಾರೆ. ಏಳನೆಯ ವಯಸ್ಸಿಗೊಮ್ಮೆ ತೋರಿಸಿ ಎಂದು ಅಮೆರಿಕದ ತಜ್ಞರ ಸಂಘ ಹೇಳುತ್ತದೆ. ಹಲ್ಲುಬ್ಬಿನ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗನೆ, ಇನ್ನೊಂದಕ್ಕೆ ಹದಿಹರೆಯದಲ್ಲಿ ಚಿಕಿತ್ಸೆ ಕೊಟ್ಟು ನೋಡಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದಾಗ, ಬಿದ್ದು ಮುಂದಿನ ಹಲ್ಲು ಮುರಿದುಕೊಳ್ಳುವ ಅಪಾಯ ತಗ್ಗುವುದೊಂದನ್ನು ಬಿಟ್ಟರೆ ಬೇಗ ಶುರು ಮಾಡಿದವರಿಗೆ ಕೊನೆಯಲ್ಲಿ ವಿಶೇಷ ಲಾಭವೇನೂ ಕಾಣಲಿಲ್ಲ. ಆದರೆ ಮೇಲ್ದವಡೆ ಕಿರಿದಾಗಿ ಹಲ್ಲುಗಳು ಅಡ್ಡ ಕಚ್ಚುತ್ತಿದ್ದರೆ ಮಾತು ಬೇರೆ, ಏಕೆಂದರೆ ಅಂಗುಳಿನ ನಡುವಿನ ಬೆಸುಗೆ ಗಟ್ಟಿಯಾಗುವ ಮೊದಲೇ ಅದನ್ನು ಹಿಗ್ಗಿಸಬೇಕು, ಆಮೇಲೆ ತಂತಿಗೆ ಅದು ಜಗ್ಗುವುದಿಲ್ಲ.

ಕೌನ್ಸೆಲಿಂಗ್‌ನ ತರ್ಕವೂ ಇದಕ್ಕೆ ಬಹಳ ದೂರವಿಲ್ಲ: ಶಾಖೆಯ ಬಗ್ಗೆಯೇ ಅನುಮಾನವಿದ್ದರೆ ಮೊದಲ ಸುತ್ತಿನಲ್ಲಿ ಆತುರಪಡುವುದು ವ್ಯರ್ಥ, ಶಾಖೆ ಖಚಿತವಿದ್ದು ಊರಿನ ಬಗ್ಗೆ ಮಾತ್ರ ತಕರಾರಿದ್ದರೆ ಬಿಡುವುದು ಅವಿವೇಕ. ಮೂರು ವರ್ಷದ ದೂರವನ್ನು ರಾತ್ರಿ ಬಸ್ಸು ಹೇಗೋ ಸಹಿಸಿಕೊಳ್ಳುತ್ತದೆ. ಬೇಡದ ಶಾಖೆಯನ್ನು ಮೂವತ್ತು ವರ್ಷ ಸಹಿಸಬೇಕಾದವಳು ಅವಳೇ. ಹಾಗಾಗಿ ಅವಳು ಸೀಟನ್ನು ಹಿಡಿದುಕೊಂಡು, ಅಪ್‌ಗ್ರೇಡ್‌ಗೂ ಒಪ್ಪಿ, ಪಟ್ಟಿಯಿಂದ ಆರ್ಥೊಡಾಂಟಿಕ್ಸ್ ಅಲ್ಲದ ಸಾಲುಗಳನ್ನೆಲ್ಲ ಒಂದೊಂದಾಗಿ ಅಳಿಸುವುದೇ ಯುಕ್ತ. ತಂದೆಗೆ ಸಮಾಧಾನವಾಗಲೆಂದು ಧಾರವಾಡದ ಒಂದು ಸಾಲು, ಅದೇ ಶಾಖೆಯದು, ಮೇಲ್ತುದಿಯಲ್ಲಿ ಉಳಿಯಬಹುದು; ಬಂದರೆ ಶನಿವಾರಕ್ಕೆ ಮನೆಯ ರೊಟ್ಟಿ, ಬಾರದಿದ್ದರೆ ಕುಚ್ಚಲಕ್ಕಿ. ಉಳಿದದ್ದು ಮೂಲ ದಾಖಲೆಗಳನ್ನು, ಶುಲ್ಕದ ರಸೀದಿಯನ್ನು ಮತ್ತು ಅಜ್ಜಿ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಗಡುವಿನೊಳಗೆ ಕಾಲೇಜಿಗೆ ತಲುಪಿಸುವ ಕೆಲಸ.