ಕವಡೆ ಕಟ್ಟಿಕೊಂಡು ಬೆಂಗಳೂರಿಗೆ
ನಮ್ಮಕ್ಕನ ಮಗ ಚೌಕಾಬಾರವನ್ನು ಮೊಬೈಲ್ ಗೇಮ್ ಮಾಡಿದ್ದಾನೆ. ಅಭಿಮಾನಿಗಳನ್ನು ಕಾಣಲು ಬೆಂಗಳೂರಿನ ಜಿಎಎಫ್‌ಎಕ್ಸ್ ಎಂಬ ಗೇಮಿಂಗ್ ಮೇಳಕ್ಕೆ ಹೊರಟ, ಕಾವಲಿಗೆ ನಾನು. ಅನಿಮೇಷನ್, ಗೇಮಿಂಗ್‌ಗೆಂದೇ 2012ರಲ್ಲಿ ದೇಶದಲ್ಲೇ ಮೊದಲು ನೀತಿ ತಂದದ್ದು ನಮ್ಮ ರಾಜ್ಯ. ಆ ಸುದ್ದಿ ನಮ್ಮೂರು ಕವಿತಾಳದ ಕಟ್ಟೆಗೆ ಇನ್ನೂ ಮುಟ್ಟಿಲ್ಲ. “ಎಲ್ಲಿಗೆ ಹೊಂಟೀರಿ?” ಅಂದವರಿಗೆ “ಆಟಕ್ಕ” ಅಂದೆ. ಇಸ್ಪೀಟೆಂದು ತಿಳಿದು, “ಪೊಲೀಸ್ರು ಇರ್ತಾರ, ಹುಷಾರ್ರಿ” ಅಂದರು.

ಮೇಳದ ತುಂಬ ನೀಲಿ ಕೂದಲು, ರಟ್ಟಿನ ಕತ್ತಿ. ನಮ್ಮ ಮೇಜಿಗೆ ಮಧ್ಯಾಹ್ನದವರೆಗೆ ಬಂದ ಅಭಿಮಾನಿಗಳು ಇಬ್ಬರು. ಒಬ್ಬ ಚಾರ್ಜರ್ ಕೇಳಲು ಬಂದವ. ಇನ್ನೊಬ್ಬಾಕೆ ಮೊಮ್ಮಗನ ಕೈಹಿಡಿದು ಬಂದ ಅಜ್ಜಿ, ನಮ್ಮ ಕಡೆಯವರೇ. ಎರಡು ಸಲ ಒತ್ತಿ ನೋಡಿ, “ತಮ್ಮಾ, ನಾಕೂ ಕವಡಿ ಬೋರಲು ಬಿದ್ರ ಎಂಟಲ್ಲೇನು? ನಿನ್ನ ಫೋನು ಸೊನ್ನಿ ಅಂತದಲ್ಲ!” ಎಂದರು.

ಅಳಿಯನ ಮುಖವೂ ಬೋರಲಾಯಿತು.

ಅಕ್ಕ ರೊಟ್ಟಿಗಂಟಿನಲ್ಲಿ ಕಟ್ಟಿದ್ದ ಕವಡೆ ತೆಗೆದೆ. ಅಜ್ಜಿ ರಟ್ಟಿನ ಮೇಲೆ ಇಪ್ಪತ್ತೈದು ಮನೆ ಗೀಚಿದರು. ಕತ್ತಿ ಹಿಡಿದವರೆಲ್ಲ ಸುತ್ತ ಕುಕ್ಕರುಗಾಲಲ್ಲಿ ಕೂತರು.

ಊರಿಗೆ ಬಂದಾಗ ಕಟ್ಟೆಯಿಂದ ಕೂಗು: “ಎಷ್ಟು ಹೋತು?”

“ಮೂರು ಕಾಯಿ,” ಅಂದ ಅಳಿಯ.